ನೀಲಾವತಿ ಟೀಚರ ಏಡಿ ಪುಸ್ತಕ

"ಇದರದ್ದು ಇನ್ನೊಂದು ಪ್ರತಿ ಉಂಟಾ ಟೀಚರೇ?"

"ಇಲ್ಲ... ಇರುದು ಇದೊಂದೇ."

ಪುತ್ತೂರಿನ ಮುದ್ರಣಾಲಯವೊಂದರ ಬಾಗಿಲಲ್ಲಿ ನಿಂತಿದ್ದ ನೀಲಾವತಿ ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡಳು. ಕೇಳಿದವನು ಚನಿಯಪ್ಪ, ಅಲ್ಲಿ ಅಚ್ಚಿನ ಮೊಳೆ ಜೋಡಿಸುವವನು. ಅವನ ಹತ್ತು ಬೆರಳೂ ಶಾಯಿಯಿಂದ ಕಪ್ಪು.

ಈ ಕೈಗೆ ನನ್ನ ಪುಸ್ತಕ ಕೊಡುವುದಾ ದೇವರೇ!

"ಹೆದರ್ಬೇಡಿ, ಒರೆಸ್ತೇನೆ," ಎಂದು ಅವನು ಬೆರಳುಗಳನ್ನು ಪಂಚೆಗೇ ಉಜ್ಜಿದ. ಪಂಚೆ ಕಪ್ಪಾಯಿತೇ ಹೊರತು ಬೆರಳು ಬಿಳಿಯಾಗಲಿಲ್ಲ.

ಬೇರೆ ದಿನವಾಗಿದ್ದರೆ ನಗುತ್ತಿದ್ದಳೋ ಏನೋ. ಅಂದು ನಗುವುದಕ್ಕೂ ತ್ರಾಣವಿರಲಿಲ್ಲ. ಬೆಳಿಗ್ಗೆ ಒಂದೇ ಕೋಣೆಯಲ್ಲಿ ಮೂರು ತರಗತಿ, ಮಧ್ಯಾಹ್ನ ಬೆಳ್ಳಾರೆಯಿಂದ ಬಸ್ಸಿನಲ್ಲಿ ನಿಂತೇ ಪ್ರಯಾಣ. ನೋಟ್‌ಬುಕ್ಕು ಕೊಟ್ಟವಳೇ ಮೆಟ್ಟಿಲ ಮೇಲೆ ಕುಸಿದು ಕುಳಿತಳು.

ಚನಿಯಪ್ಪ ನಿಂತಲ್ಲೇ ಓದತೊಡಗಿದ. ಶಾಲೆಗೆ ಹೊರಟ ಏಡಿಯ ಕಥೆ ಅದು. ಪಾಪ, ಅಡ್ಡಡ್ಡ ನಡೆಯುವ ಏಡಿ! ನೇರ ದಾರಿಯಲ್ಲಿ ಎಲ್ಲರೂ ಮುಂದೆ ಹೋದರೆ ಇದು ಗದ್ದೆ, ತೋಡು, ಪಕ್ಕದ ಮನೆಯ ಅಡುಗೆಕೋಣೆ ಎಲ್ಲ ಸುತ್ತಿ ದಿನಾ ತಡವಾಗಿ ಬರುತ್ತದೆ...

ಇದ್ದಕ್ಕಿದ್ದಂತೆ ಅವನು ಗಹಗಹಿಸಿ ನಕ್ಕ!

ನೀಲಾವತಿ ಬೆಚ್ಚಿ ತಿರುಗಿದಳು. ದೊಡ್ಡವರೊಬ್ಬರು ಅವಳ ಕಥೆ ಓದಿ ನಕ್ಕದ್ದು ಅದೇ ಮೊದಲು. ಯಾಕೋ ಕಣ್ಣು ತುಂಬಿತು.

"ಜೋಪಾನ ಮಾಡ್ತೇನೆ ಟೀಚರೇ," ಎಂದ ಅವನು, ಈಗ ಮೆಲ್ಲಗೆ.

ಅದು ಸಾವಿರದ ಒಂಬೈನೂರ ಐವತ್ತೆಂಟರ ಜೂನ್ ತಿಂಗಳು. ನೀಲಾವತಿಗೆ ಮೂವತ್ತೊಂದು ವರ್ಷ. ಬಂದ ಸಂಬಂಧಗಳೆಲ್ಲ ಒಂದಲ್ಲ ಒಂದು ಕಾರಣಕ್ಕೆ ತಪ್ಪಿ, ಈಗ ಬರುವುದೇ ನಿಂತಿತ್ತು. ಮನೆಯಲ್ಲಿ ಅವಳು, ಅಮ್ಮ ಇಬ್ಬರೇ.

ಶಾಲೆಯಲ್ಲೋ, ಮಕ್ಕಳ ಮನೆಮಾತು ಒಬ್ಬೊಬ್ಬರದು ಒಂದೊಂದು. ಅರೆಭಾಷೆ, ತುಳು, ಬ್ಯಾರಿ. ಪಠ್ಯಪುಸ್ತಕ ತೆರೆದರೆ ಸಾಕು, ಬಾಯಿಗೆ ಬೀಗ! ಅದಕ್ಕೇ ಅವಳು ಏಡಿಯ ಕಥೆ ಕಟ್ಟಿ ಹೇಳತೊಡಗಿದ್ದು. ಮಕ್ಕಳು ಹೊಟ್ಟೆ ಹಿಡಿದು ನಕ್ಕವು. ಆದರೆ ಕೇಳುವುದೇ ಬೇರೆ, ಓದುವುದೇ ಬೇರೆ. ಅವರ ಕೈಗೆ ಕೊಡಲು ಒಂದು ಪುಸ್ತಕ ಬೇಕಿತ್ತು.

"ಟೀಚರಿಗೆ ಪುಸ್ತಕ ಬರೆಯುವ ಹುಚ್ಚು ಯಾಕೆ? ಹಾಜರಿ ಪುಸ್ತಕ ಬರೆದರೆ ಸಾಕು!" ಎಂದಿದ್ದರು ಹೆಡ್‌ಮಾಷ್ಟ್ರು. ದೊಡ್ಡ ಮನುಷ್ಯರು, ಬಾಯಿ ಇದೆಯಲ್ಲ, ಹೇಳಿದರು!

ಬಿಡುವಿದ್ದಾಗ ಮಾಡಿಕೊಡುತ್ತೇವೆ ಎಂದು ಮುದ್ರಣಾಲಯದ ಧಣಿಗಳು ಒಪ್ಪಿದರು. ಅಂದಿನಿಂದ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಕರಡು ತಿದ್ದಲು ನೀಲಾವತಿ ಪುತ್ತೂರಿಗೆ ಬರತೊಡಗಿದಳು.

ಚನಿಯಪ್ಪ ಕೋಡಿಂಬಾಳದವನು. ಮಾತು ಕಡಿಮೆ. ಅವಳು ಬರುವ ಹೊತ್ತಿಗೆ ಸ್ಟೂಲು ಒರೆಸಿ, ಚಹಾ ತರಿಸಿ ಇಟ್ಟಿರುತ್ತಿದ್ದ.

"ಮೊದಲು ಚಹಾ ಕುಡೀರಿ. ತಪ್ಪು ಎಲ್ಲಿಗೂ ಓಡುದಿಲ್ಲ."

ವಾರವಿಡೀ ಬೇರೆಯವರಿಗಾಗಿಯೇ ದುಡಿಯುವವಳಿಗೆ ಯಾರೋ ಒಬ್ಬರು ಚಹಾ ಕೊಟ್ಟರೆ ಏನಾಗುತ್ತದೆ ಹೇಳಿ! ಬಸ್ಸಿನಲ್ಲಿ ಹಿಂದಿರುಗುವಾಗ ಕಾಲು ನೋಯುತ್ತಿದ್ದರೂ ಮನಸ್ಸು ಹಗುರವಾಗಿರುತ್ತಿತ್ತು. ಮುಂದಿನ ಶನಿವಾರಕ್ಕೆ ಎಷ್ಟು ದಿನ ಎಂದು ಲೆಕ್ಕ ಹಾಕುವಾಗ ಅವಳಿಗೇ ನಾಚಿಕೆ.

ಆದರೆ ಪುಸ್ತಕ? ಆರು ತಿಂಗಳು ಕಳೆದರೂ ಇಪ್ಪತ್ತನಾಲ್ಕು ಪುಟ ಮುಗಿಯಲಿಲ್ಲ!

"ಯಾವಾಗ ಆಗುದು ಚನಿಯಪ್ಪನವರೇ?"

"ಆಗ್ತದೆ ಟೀಚರೇ..."

ಅಷ್ಟೇ. ಕಾರಣ ಕೇಳಿದರೆ ತಲೆ ಕೆಳಗೆ.

ಜನವರಿಯ ಒಂದು ಶುಕ್ರವಾರ ಸಂಜೆ ನೀಲಾವತಿ ಬೆಳ್ಳಾರೆಯ ಅಲಿ ಕುಂಞಿಯವರ ಅಂಗಡಿಯಲ್ಲಿ ಕೊತ್ತಂಬರಿ ಕೊಂಡಳು. ಮನೆಗೆ ಬಂದು ಪೊಟ್ಟಣ ಬಿಡಿಸಿದವಳ ಕೈ ಹಾಗೇ ನಿಂತಿತು.

ಪೊಟ್ಟಣದ ಕಾಗದದಲ್ಲಿ ಅಚ್ಚಾದ ಅವಳ ಏಡಿಯ ಕಥೆ!

ಓಡುತ್ತಲೇ ಅಂಗಡಿಗೆ ಹೋದಳು. "ಈ ಕಾಗದ... ಎಲ್ಲಿಂದ ಬಂತು?"

"ಪುತ್ತೂರಿನ ಪ್ರೆಸ್ಸಿಂದ ಟೀಚರೇ. ತಿಂಗಳಿಗೊಂದು ಕಟ್ಟು ಬರ್ತದೆ," ಎಂದರು ಅಲಿ ಕುಂಞಿ. "ಎಂತ, ಕೊತ್ತಂಬರಿ ಸರಿ ಇಲ್ವಾ?"

ಅವಳು ತಿರುಗಿ ಹೊರಟಳು. ಅಚ್ಚು ಹಾಕಿ ರದ್ದಿಗೆ ಮಾರುತ್ತಿದ್ದಾರೆ! ನಾನು ಬಸ್ಸಿನಲ್ಲಿ ನಿಂತು ನಿಂತು ಸತ್ತದ್ದು ಇದಕ್ಕಾ? ಆ ಚಹಾ, ಆ ನಗು... ಎಲ್ಲ ನಾಟಕವಾ?

ಮರುದಿನ ಮುದ್ರಣಾಲಯಕ್ಕೆ ಹೋದವಳು ಸ್ಟೂಲಿನಲ್ಲಿ ಕೂರಲಿಲ್ಲ. ಪೊಟ್ಟಣದ ಕಾಗದವನ್ನು ಅವನ ಮುಂದೆ ಎಸೆದಳು.

"ನನ್ನ ನೋಟ್‌ಬುಕ್ಕು ಕೊಡಿ!"

"ಟೀಚರೇ, ಅದು ಹಾಗಲ್ಲ, ನಾನು ಹೇಳುದನ್ನು..."

"ನೀವು ಹೇಳುದು ಬೇಡ! ಜೋಪಾನ ಮಾಡ್ತೇನೆ ಅಂದಿದ್ರಿ ಅಲ್ವಾ? ನಂಬಿದ್ದೆ ನಾನು!"

ಚನಿಯಪ್ಪನ ಮುಖ ಸಪ್ಪಗಾಯಿತು. ನೋಟ್‌ಬುಕ್ಕು ತಂದು ಎರಡೂ ಕೈಯಿಂದ ಕೊಟ್ಟ.

"ಉಳಿದದ್ದು ಎರಡೇ ಪುಟ ಟೀಚರೇ..."

ಅವಳು ತಿರುಗಿ ನೋಡಲಿಲ್ಲ. ಬಸ್ಸಿನಲ್ಲಿ ಸೆರಗನ್ನು ಬಾಯಿಗೆ ಒತ್ತಿ ಅತ್ತಳು. ಇನ್ನು ಬರೆಯುವುದಿಲ್ಲ. ಸಾಕು. ಎಲ್ಲ ಸಾಕಾಯಿತು...

ಸೋಮವಾರ ತರಗತಿಯ ಬಾಗಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟಳು. ಒಳಗೆ ಯಾರೋ ಓದುತ್ತಿದ್ದರು. ಒಂದೊಂದೇ ಅಕ್ಷರ ಕೂಡಿಸಿ, ತಡವರಿಸಿ.

ಸುಹರಾ! ಎರಡು ವರ್ಷದಿಂದ ಶಾಲೆಯಲ್ಲಿ ಬಾಯಿಯೇ ಬಿಡದ ಹುಡುಗಿ! ಅವಳ ಕೈಯಲ್ಲಿ ಎಣ್ಣೆ ಮೆತ್ತಿದ ಪೊಟ್ಟಣದ ಕಾಗದ. ಸುತ್ತ ಮಕ್ಕಳು ಕತ್ತು ಚಾಚಿ ಕೂತಿದ್ದವು.

"ಟೀಚರ್, ಏಡಿ ಅಡುಗೆಕೋಣೆಗೆ ಹೋಯ್ತು! ಇದರ ಮುಂದಿನ ಕಾಗದ ಯಾರ ಮನೆಯಲ್ಲಿ ಉಂಟು?" ಎಂದಳು ಸುಹರಾ.

"ನನ್ನ ಹತ್ರ ಉಂಟು ಟೀಚರ್!" "ನನ್ನ ಹತ್ರವೂ!"

ಅಂಗಡಿಯ ಕಾಗದವನ್ನು ಅವು ತಿಂಗಳುಗಟ್ಟಲೆ ಕೂಡಿಟ್ಟಿದ್ದವು! ನೀಲಾವತಿ ಎಲ್ಲವನ್ನೂ ಮೇಜಿನ ಮೇಲೆ ಹರಡಿದಳು. ಒಂದರಲ್ಲಿ ಸಾಲು ಓರೆ. ಒಂದರಲ್ಲಿ ಶಾಯಿ ಹರಡಿತ್ತು. ಇನ್ನೊಂದು ಕಾಣದಷ್ಟು ಮಸುಕು. ನೆಟ್ಟಗಿದ್ದ ಹಾಳೆ ಒಂದೂ ಇರಲಿಲ್ಲ.

ಎಲ್ಲವೂ ಅಚ್ಚು ಹಾಕುವಾಗ ಕೆಟ್ಟ ಹಾಳೆಗಳು! ಒಳ್ಳೆಯದನ್ನು ಅವನು ಇಟ್ಟುಕೊಂಡಿದ್ದಾನೆ...

"ಅಯ್ಯೋ, ಎಂಥ ಮಾತಾಡಿಬಿಟ್ಟೆ!" ಎಂದಳು ಗಟ್ಟಿಯಾಗಿ. ಮಕ್ಕಳು ಪಿಳಿಪಿಳಿ ನೋಡಿದವು.

ಆ ವಾರ ಮುಗಿಯುವುದೇ ಇಲ್ಲ ಎನಿಸಿತು. ಶನಿವಾರ ಅವಳು ಹೋದಾಗ ಚನಿಯಪ್ಪ ಒಬ್ಬನೇ ಮೊಳೆ ಜೋಡಿಸುತ್ತಿದ್ದ. ಅವಳನ್ನು ಕಂಡು ತಟ್ಟನೆ ಎದ್ದ.

"ತಪ್ಪಾಯ್ತು," ಎಂದಳು ನೀಲಾವತಿ. "ಕೆಟ್ಟ ಹಾಳೆ ಅಂತ ಒಂದು ಮಾತು..."

"ನೀವೆಲ್ಲಿ ಹೇಳ್ಲಿಕ್ಕೆ ಬಿಟ್ರಿ ಮಾರಾಯ್ರೆ!" ಎಂದು ಅವನು ಸಣ್ಣಗೆ ನಕ್ಕ. ಸೂರು ಮುಟ್ಟುವ ಕಪಾಟು ತೆರೆದ. ಒಳಗೆ ಅಚ್ಚಾದ ಹಾಳೆಗಳು, ಒಂದಿಷ್ಟೂ ಮಾಸದೆ, ಬಟ್ಟೆ ಮುಚ್ಚಿ ಜೋಡಿಸಿದ್ದವು.

"ಇಷ್ಟು ತಡ ಯಾಕೆ ಅಂತಾದರೂ ಹೇಳ್ಬಹುದಿತ್ತಲ್ಲ?"

"ದೊಡ್ಡ ಅಕ್ಷರದ ಮೊಳೆ ನಮ್ಮಲ್ಲಿ ಇರುದು ಎರಡು ಪುಟಕ್ಕೆ ಮಾತ್ರ. ಜೋಡಿಸುದು, ಅಚ್ಚು ಹಾಕುದು, ಬಿಚ್ಚಿ ಮತ್ತೆ ಜೋಡಿಸುದು. ಸಣ್ಣ ಅಕ್ಷರದಲ್ಲಿ ಮುಗಿಸು ಅಂದ್ರು ಧಣಿಗಳು. ಸಣ್ಣ ಮಕ್ಕಳು ಓದುದು ಹೇಗೆ ಟೀಚರೇ? ನಿಮಗೆ ಹೇಳಿದ್ರೆ ನೀವೂ ಸಣ್ಣದೇ ಸಾಕು ಅಂತಿದ್ರಿ."

ಆಮೇಲೆ ನೆಲ ನೋಡುತ್ತ ಹೇಳಿದ.

"ಮತ್ತೆ... ಬೇಗ ಮುಗಿದಿದ್ರೆ ನೀವು ಬರುದು ನಿಲ್ತಿತ್ತು."

ನೀಲಾವತಿ ಮುಖ ಮರೆಸಲು ಮೇಜಿನ ಮೇಲಿನ ಕರಡು ಎತ್ತಿಕೊಂಡಳು. ಅವಳ ಕಥೆಯ ಕೊನೆಯ ಎರಡು ಪುಟ! ಒಂದು ಮಾತೂ ತಪ್ಪಿಲ್ಲ!

"ನೋಟ್‌ಬುಕ್ಕು ನನ್ನ ಹತ್ರ ಉಂಟಲ್ಲ... ಇದನ್ನು ಹೇಗೆ ಮಾಡಿದ್ರಿ?"

"ಏಳು ತಿಂಗಳು ಓದಿದ್ದೇನೆ. ಬಾಯಿಪಾಠ ಬಂದಿದೆ."

ಅವಳ ಕಣ್ಣೀರು ಕರಡಿನ ಮೇಲೆ ಬಿತ್ತು. ಚನಿಯಪ್ಪ ಗಾಬರಿಯಾಗಿ ಹಾಳೆ ಎಳೆದುಕೊಂಡ. "ಶಾಯಿ ಹಸಿ ಉಂಟು ಟೀಚರೇ!"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಸ್ಟೂಲಿನಲ್ಲಿ ಕುಳಿತು ಒಂದು ದೀರ್ಘ ಉಸಿರು ಬಿಟ್ಟಳು.

"ಚನಿಯಪ್ಪನವರೇ, ನನಗೆ ತುಂಬ ಸುಸ್ತಾಗಿದೆ. ಮುಂದಿನ ಶನಿವಾರದಿಂದ ನಾನು ಬರುದಿಲ್ಲ."

ಅವನ ಮುಖ ಬಾಡಿತು. "ಆಯ್ತು..."

"ನೀವು ಬನ್ನಿ. ಬೆಳ್ಳಾರೆಗೆ ಬಸ್ಸುಂಟು. ಮನೆಯಲ್ಲಿ ಅಮ್ಮ ಇರ್ತಾರೆ, ಅವರ ಹತ್ರ ಮಾತಾಡ್ಲಿಕ್ಕುಂಟು."

ಚನಿಯಪ್ಪ ತಲೆ ಎತ್ತಿದ. ಅರ್ಥವಾಗಲು ಅವನಿಗೆ ಒಂದು ಗಳಿಗೆ ಬೇಕಾಯಿತು.

"ಎಂತ ಮಾತಾಡುದು ಅಂತ... ಅದನ್ನೂ ನಾನೇ ಬರ್ದು ಕೊಡ್ಬೇಕಾ?" ಎಂದಳು ನೀಲಾವತಿ, ನಾಚಿ ಕೆಂಪಾಗಿ.

"ಬೇಡ ನೀಲಾವತಿ," ಎಂದ ಅವನು. "ಅದೂ ಬಾಯಿಪಾಠ ಉಂಟು."