ಬಿಚ್ಚಿಟ್ಟ ಓರೆಕಂಬಿ

"ಏನ್ರೀ, ಇದೇನು ಮೆಟ್ಟಿಲಾ, ಉಯ್ಯಾಲೆನಾ? ಇಳೀರಿ ಕೆಳಗೆ!"

ಇನ್ನೂ ತೆರೆಯದ ಹೊಸ ಪುಸ್ತಕದಂಗಡಿಯಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ತಿರುಗಿ ನೋಡಿದರು. ಕಬ್ಬಿಣದ ಮೆಟ್ಟಿಲ ಮಧ್ಯದಲ್ಲಿ ನಿಂತು ಎಡಕ್ಕೂ ಬಲಕ್ಕೂ ವಾಲಾಡುತ್ತಿದ್ದ ಇಂಜಿನಿಯರ್ ನಕ್ಕುಬಿಟ್ಟ.

"ಉಯ್ಯಾಲೆ ಆಗಬಾರದು ಅಂತಾನೇ ನೋಡ್ತಿದ್ದೀನಿ ಮೇಡಂ. ಡಿಸೈನ್ ನಂದು. ಕೆಳಗೆ ನೀವು ಓರೆಯಾಗಿ ಕೂರಿಸಿರೋ ಈ ಓರೆಕಂಬಿಗಳು ಮೆಟ್ಟಿಲ ಕಂಬಗಳನ್ನ ಎಷ್ಟು ಗಟ್ಟಿ ಹಿಡ್ಕೊಂಡಿವೆ ನೋಡಿ, ಚೂರೂ ಅಲ್ಲಾಡ್ತಿಲ್ಲ!"

ಅಪ್ಪನ ವೆಲ್ಡಿಂಗ್ ವರ್ಕ್‌ಶಾಪ್ ನಡೆಸುವ, ಆ ಮೆಟ್ಟಿಲು ಮಾಡಿ ಕೂರಿಸಿದ್ದ, ಈಗ ಕೂಗಿದ ಹುಡುಗಿಯ ಕೆನ್ನೆ ಬಿಸಿಯಾಯಿತು... ಆಮೇಲೆ ಇಲ್ಲದ ನೆಪ ಹುಡುಕಿ ಇಬ್ಬರೂ ಫೋನ್ ಮಾಡಿದ್ದೇ ಮಾಡಿದ್ದು!

ಅಂಗಡಿ ತೆರೆಯುವ ಮುನ್ನಾದಿನ ಯಜಮಾನಿ ಮೆಟ್ಟಿಲು ಹತ್ತುತ್ತಿದ್ದಂತೆ ಚೌಕಟ್ಟು ಪಕ್ಕಕ್ಕೆ ತೂಗಾಡಿತು.

"ಯಾರೂ ಹತ್ತಬೇಡಿ!" ಎಂದ ಅವನು. "ಮೆಟ್ಟಿಲ ಕೆಳಭಾಗ ಮುಚ್ಚಿರೋ ಮರದ ಹಲಗೆ ತೆಗೆಸಿ, ಕಂಬಿ ನೋಡಬೇಕು."

"ನನ್ನ ಕೆಲಸದ ಮೇಲೆ ಅನುಮಾನನಾ?" ನಮ್ಮ ಹುಡುಗಿಯ ಬಾಯಿಗೆ ಬೀಗವೆಲ್ಲಿದೆ! "ನಿಮ್ಮ ಲೆಕ್ಕಾನೇ ತಪ್ಪು. ಕೆಲಸ ಬರದೋರನ್ನ ನಂಬಿ ನಾನು ಕೆಟ್ಟೆ!"

ಯಜಮಾನಿ ಅವನನ್ನು ಕೆಲಸದಿಂದಲೇ ಬಿಡಿಸಿದರು. ಅವನು ಅವಳನ್ನೊಮ್ಮೆ ನೋಡಿದ. "ಹಲಗೆ ಮಾತ್ರ ತೆಗೆಸಿ ನೋಡಿ," ಎಂದಷ್ಟೇ ಹೇಳಿ ಹೊರಟುಹೋದ.

ಸಂಜೆ ಅವಳೇ ಹಲಗೆ ತೆಗೆದಳು. ಓರೆಕಂಬಿಗಳೇ ಇಲ್ಲ!

ಮೊನ್ನೆ ದೊಡ್ಡ ಕಪಾಟು ಒಳಗೆ ಸಾಗಿಸಲು ಅವು ಅಡ್ಡ ಬಂದಿದ್ದವು. ಕಪಾಟು ಹೋದ ಮೇಲೆ ಹಾಕೋಣ ಎಂದು ತಾನೇ ಬಿಚ್ಚಿಸಿದ್ದಳು. ಅಷ್ಟರಲ್ಲಿ ಒಂದು ಫೋನ್ ಬಂದಿತ್ತು... ಮಾತು ಮುಗಿಯುವಷ್ಟರಲ್ಲಿ ಬಡಗಿ ಹಲಗೆ ಹೊಡೆದು ಮುಚ್ಚಿದ್ದ. ಬಿಚ್ಚಿ ಕಳಿಸಿದ್ದ ಕಂಬಿಗಳು ಇನ್ನೂ ವರ್ಕ್‌ಶಾಪಿನ ಮೂಲೆಯಲ್ಲೇ ಬಿದ್ದಿದ್ದವು.

'ಅಯ್ಯೋ, ಯಾವ ಮುಖ ಇಟ್ಟುಕೊಂಡು ಅವನೆದುರು ನಿಲ್ಲಲಿ? ಸದ್ದಿಲ್ಲದೆ ಹಾಕಿಬಿಟ್ಟರೆ ಯಾರಿಗೂ ಗೊತ್ತಾಗಲ್ಲ... ಆದರೆ ಕೆಟ್ಟುಹೋದ ಅವನ ಹೆಸರು?' ರಾತ್ರಿ ಮನೆಯಲ್ಲಿ ಅಪ್ಪನ ಪಕ್ಕ ಕೂತು ಎಲ್ಲ ಹೇಳಿದಳು.

"ಅಪ್ಪಾ, ಫೋನಲ್ಲೇ ಸಾರಿ ಕೇಳಿಬಿಡ್ಲಾ?"

"ಬೈದಿದ್ದು ಎಲ್ಲರ ಮುಂದೆ. ಸಾರಿ ಮಾತ್ರ ಗುಟ್ಟಾಗಿ ಕೇಳ್ತೀಯೇನೇ?"

ಬೆಳಿಗ್ಗೆ ಯಜಮಾನಿ, ಬಡಗಿ, ಬಣ್ಣದವರು, ಎಲ್ಲರೂ ಇದ್ದರು. ಅವಳು ಕರೆಸಿದ್ದರಿಂದ ಅವನೂ ಬಂದು ಬಾಗಿಲಲ್ಲೇ ನಿಂತಿದ್ದ.

"ಇವರ ಲೆಕ್ಕ ಸರಿ ಇತ್ತು. ಕಂಬಿ ಬಿಚ್ಚಿಸಿದ್ದು ನಾನು, ಮರೆತದ್ದು ನಾನು. ಇವರ ಮರ್ಯಾದೆ ತೆಗೆದದ್ದೂ ನಾನೇ..." ಎಂದಳು ಅವಳು.

ವರ್ಕ್‌ಶಾಪಿನಿಂದ ತಂದಿದ್ದ ಕಂಬಿಯನ್ನು ಎತ್ತಿದಳು. ಇನ್ನೊಂದು ತುದಿ ತಾನಾಗಿ ಮೇಲೆದ್ದಿತು. ಹಿಡಿದವನು ಅವನೇ!

"ಸ್ಪ್ಯಾನರ್ ಕೊಡಿ," ಎಂದ.

ಬೋಲ್ಟುಗಳನ್ನೆಲ್ಲ ಬಿಗಿದ ಮೇಲೆ ಅವನು ಮೆಟ್ಟಿಲೇರಿ ಮತ್ತೆ ವಾಲಾಡಿದ. ಮೆಟ್ಟಿಲು ಅಲುಗಲಿಲ್ಲ.

"ನನ್ನ ಮುಖ ನೋಡಬೇಡಿ... ನಾಚಿಕೆ ಆಗುತ್ತೆ," ಎಂದಳು ಅವಳು.

"ಬೈದಿದ್ದಕ್ಕಲ್ಲ ನನಗೆ ಬೇಜಾರು. ನೀವು ನನ್ನ ನಂಬಲಿಲ್ಲವಲ್ಲ, ಅದಕ್ಕೆ." ಅವನ ದನಿ ಮೆದುವಾಯಿತು. "ಇಷ್ಟು ಜಾಗ್ರತೆಯ ನೀವು, ಮರೆತದ್ದಾದ್ರೂ ಹೇಗೆ?"

"ಆಗ... ನಿಮ್ಮ ಫೋನ್ ಬಂದಿತ್ತು."

ಅವನು ಕಣ್ಣರಳಿಸಿ ನಿಂತ. ಆಮೇಲೆ ಜೋರಾಗಿ ನಕ್ಕ. "ಹಾಗಾದ್ರೆ ಅರ್ಧ ತಪ್ಪು ನಂದೂ ಆಯ್ತು! ಬನ್ನಿ ಮೇಲೆ. ಇಬ್ಬರ ಭಾರಕ್ಕೂ ನೋಡಬೇಕು."

ಅವನು ಚಾಚಿದ ಕೈಯನ್ನು ಅವಳು ತಲೆ ತಗ್ಗಿಸಿಕೊಂಡೇ ಹಿಡಿದಳು.

"ಈ ಕೈನೂ ಕಂಬಿ ಥರ ಬಿಟ್ಟು ಮರೆತುಬಿಡ್ತೀರಾ?" ಎಂದ ಅವನು.

"ಜನ್ಮದಲ್ಲಿ ಇಲ್ಲ ಕಣ್ರೀ!"