ಕಪ್ಪೆಯ ಅಣ್ಣ

ಜಗಳೂರಿನ ಉಚ್ಚಂಗೆಪ್ಪ ಕ್ಯಾಮೆರಾ ಹೆಗಲಿಗೇರಿಸಿ ಹೊರಟನೆಂದರೆ ತಾಲ್ಲೂಕಿನ ಕಪ್ಪೆಗಳೆಲ್ಲ ಮುಖ ತೊಳೆದು, ಬೈತಲೆ ತೆಗೆದು, ಗಿಡ್ಡನೆಯವು ಮುಂದೆ, ಉದ್ದನೆಯವು ಹಿಂದೆ ಸಾಲಾಗಿ ನಿಲ್ಲುತ್ತಿದ್ದವು. ಇವನು "ಸ್ಮೈಲ್" ಅಂದರೆ ಕಿವಿಯಿಂದ ಕಿವಿಗೆ ನಗುತ್ತಿದ್ದವು.

"ಕಪ್ಪೆಗೆ ಕಿವಿ ಎಲ್ಲೈತೋ?" ಎಂದು ಚಾದಂಗಡಿಯ ಓಬಳಪ್ಪ ಕೇಳಿದರೆ, "ನಕ್ಕಾಗ ಮಾತ್ರ ಕಾಣ್ತವೆ" ಎನ್ನುತ್ತಿದ್ದ. ಹದಿನಾರು ಸಾವಿರ ಕಪ್ಪೆ ಫೋಟೋ ತೆಗೆದಿದ್ದೇನೆ ಎಂಬುದು ಅವನ ಲೆಕ್ಕ. ನಂಬದವರಿಗೆ ಹದಿನೆಂಟು ಸಾವಿರ ಎನ್ನುತ್ತಿದ್ದ.

ಬಸ್‌ಸ್ಟ್ಯಾಂಡಿನ ಎದುರಿಗೆ ಅವನದೊಂದು ಫೋಟೋ ಸ್ಟುಡಿಯೋ. ಎಂಬತ್ತಮೂರರ ಬೇಸಿಗೆಯಲ್ಲಿ ಅವನಿಗೆ ಕಪ್ಪೆಗಳ ಕ್ಯಾಲೆಂಡರ್ ಮಾಡುವ ಹುಚ್ಚು ಹಿಡಿಯಿತು. ಆದರೆ ಆ ವರ್ಷ ಬಿಸಿಲು ಎಂಥದ್ದು ಅಂತೀರಿ! ಕೆರೆಯ ಮೀನುಗಳು ಕೊಡೆ ಹಿಡಿದು ಓಡಾಡುತ್ತಿದ್ದವು. ಒದ್ದೆ ಉಳಿದದ್ದು ಬಿಳಿಚೋಡಿನ ತಿಪ್ಪೇಶಪ್ಪನ ಹಿತ್ತಿಲಲ್ಲಿ, ಬಚ್ಚಲ ಮೋರಿಯ ಬುಡದಲ್ಲಿ ಮಾತ್ರ. ಎತ್ತುಗಳ ಫೋಟೋ ತೆಗೆಯಲು ಆ ಮನೆಗೆ ಹೋಗಿದ್ದ ಉಚ್ಚಂಗೆಪ್ಪ ಎತ್ತುಗಳನ್ನು ಮರೆತು ಮೋರಿಯ ಮುಂದೆ ಮಂಡಿಯೂರಿದ.

"ಯಾರ್ರೀ ನೀವು? ನಮ್ಮ ಮೋರಿಗೆ ಕೈಮುಗದು ಕುಂತೀರಲ್ಲ, ಹರಕೆ ಐತೇನು?"

ತಿರುಗಿದ. ಕೈಯಲ್ಲಿ ಹುಣಸೆಹಣ್ಣು ಹಚ್ಚಿ ಬೆಳಗಿದ ಹಿತ್ತಾಳೆ ತಟ್ಟೆ, ಹಣೆಯ ಮೇಲೆ ಬೂದಿಯದೊಂದು ಗೆರೆ, ತುಟಿಯಲ್ಲಿ ತಡೆದಿಟ್ಟ ನಗು. ತಿಪ್ಪೇಶಪ್ಪನ ಒಬ್ಬಳೇ ಮಗಳು ಗಾದ್ರಮ್ಮ.

"ಕಪ್ಪೆ ಫೋಟೋ ತೆಗೀತಿದೀನಿ. ಕ್ಯಾಲೆಂಡರ್‌ಗೆ."

"ಕ್ಯಾಲೆಂಡರ್‌ನಾಗೆ ದೇವರಿರಬೇಕ್ರೀ. ಬೆಳಗೆದ್ದು ಕಪ್ಪೆ ಮುಖ ನೋಡಿದ್ರೆ ಹೆಂಗೆ?"

"ನಿಮ್ಮ ಮೋರಿ ಕಪ್ಪೆ ಚೆಂದುಳ್ಳಿ ಐತೆ. ಆದ್ರೆ ಕತ್ಲಾಗೆ ಕುಂತೈತೆ."

ಗಾದ್ರಮ್ಮ ತಟ್ಟೆಯನ್ನು ಬಿಸಿಲಿಗೆ ವಾಲಿಸಿದಳು. ಒಂದು ತುಂಡು ಬೆಳಕು ಗೋಡೆ ಹತ್ತಿ ಇಳಿದು, ಕಪ್ಪೆಯ ಬೆನ್ನಿನ ಮೇಲೆ ಕುಳಿತಿತು. "ಸಾಕಾ?" ಎಂದಳು. ಆಮೇಲೆ ಮಣಿಕಟ್ಟು ತುಸುವೇ ತಿರುಗಿಸಿ, ಅದೇ ಬೆಳಕನ್ನು ಅವನ ಕಣ್ಣಿಗೆ ಬಿಟ್ಟು ನಕ್ಕಳು. ಉಚ್ಚಂಗೆಪ್ಪನಿಗೆ ಕಣ್ಣು ಕತ್ತಲೆ ಬಂತು. ಅದು ಮತ್ತೆ ಸರಿಹೋಗಲೇ ಇಲ್ಲ.

ಅಂದಿನಿಂದ ಅವನು ಬರುವುದು, ಅವಳು ತಟ್ಟೆ ಹಿಡಿಯುವುದು. ಕಪ್ಪೆಗೆಂದು ಹೊರಟ ಬೆಳಕು ಅವನ ಗಲ್ಲ ಸವರಿಕೊಂಡೇ ಹೋಗುತ್ತಿತ್ತು. "ಇವತ್ತು ಎಷ್ಟಾದ್ವು?" ಎಂದು ಕೇಳುತ್ತಿದ್ದಳು. "ನೂರು" ಎನ್ನುತ್ತಿದ್ದ. "ಇರಾದು ಒಂದೇ ಕಪ್ಪೆ ಕಣ್ರೀ!"

ಆಷಾಢ ಬಂದರೂ ಮಳೆಯಿಲ್ಲ. ಊರಿನ ಹಿರಿಯಳು ಕೆಂಪಕ್ಕ ಕಪ್ಪೆಗಳಿಗೆ ಮದುವೆ ಮಾಡಿಸಲು ನಿಂತಳು. ಮೇಲಿನ ಕೇರಿಯವರು ಗಂಡಿನ ಕಡೆ. ಗಾದ್ರಮ್ಮನ ಮೋರಿಯ ಕಪ್ಪೆಯೇ ಮದುಮಗಳು. ಅರಿಶಿನ ಹಚ್ಚಿ ಬಾಸಿಂಗವನ್ನೂ ಕಟ್ಟಿದರು. ಧಾರೆಯ ಹೊತ್ತಿಗೆ ಹೆಣ್ಣಿನ ಅಣ್ಣ ಅವಳನ್ನು ಅಂಗೈಯಲ್ಲಿ ಹಿಡಿಯಬೇಕು. ತಿಪ್ಪೇಶಪ್ಪನಿಗೆ ಗಂಡುಮಕ್ಕಳಿಲ್ಲ.

"ಈ ಮನೆಗೆ ಅಣ್ಣಾಗಿ ಯಾರು ನಿಲ್ತೀರಪ್ಪಾ?" ಎಂದಳು ಕೆಂಪಕ್ಕ.

ಇಷ್ಟು ಹತ್ತಿರದ ಫೋಟೋ ಮತ್ತೆ ಸಿಗುತ್ತದೆಯೇ? "ನಾನೈದೀನಿ!" ಎಂದು ಉಚ್ಚಂಗೆಪ್ಪ ಮುಂದೆ ಹಾರಿದ. ಹೆಂಗಸರ ಗುಂಪಿನೊಳಗಿಂದ ಬೆಳಕೊಂದು ಬಂದು ಅವನ ಕಣ್ಣಿಗೆ ಚುಚ್ಚಿತು. ಮತ್ತೆ ಚುಚ್ಚಿತು. ಆರತಿ ತಟ್ಟೆ ಹಿಡಿದಿದ್ದ ಗಾದ್ರಮ್ಮ! ಎಂಥ ತುಂಟಿ ಇವಳು ಎಂದುಕೊಂಡು ಅವನು ಹಲ್ಲು ಕಿರಿದ. ಧಾರೆ ಎರೆದಾಯಿತು. ಆ ಮನೆಯವರ ಸಾಲಿನಲ್ಲೇ ಕೂತು ಉಂಡದ್ದೂ ಆಯಿತು.

ಸಂಜೆಗೆ ಮಳೆ ಬಂತು. ಕೆರೆ ಕೋಡಿ ಬೀಳುವವರೆಗೂ ಬಂತು.

ಇನ್ನು ಉಚ್ಚಂಗೆಪ್ಪನನ್ನು ಹಿಡಿಯುವವರು ಯಾರು? "ನಾನು ಅಣ್ಣಾಗಿ ನಿಂತಿದ್ದಕ್ಕೇ ಮಳೆ ಬಂದಿದ್ದು. ಮೋಡ ನನ್ನ ಮುಖ ನೋಡಿ ಇಳಿದೈತೆ" ಎಂದು ಜಗಳೂರಿನಿಂದ ಚನ್ನಗಿರಿಯವರೆಗೆ ಒಂದು ಚಾದಂಗಡಿಯನ್ನೂ ಬಿಡದೆ ಸಾರಿಬಂದ.

ದೀಪಾವಳಿ ಕಳೆದ ಮೇಲೆ ಹೊಸ ಅಂಗಿ ತೊಟ್ಟು ಹೆಣ್ಣು ಕೇಳಲು ಹೋದ. ತಿಪ್ಪೇಶಪ್ಪ ಅವನನ್ನು ಜಗಲಿಯ ಮೇಲೆ ಕೂರಿಸಿಕೊಂಡ.

"ನೀನು ಒಳ್ಳೆ ಹುಡುಗ ಕಣಪ್ಪ. ಆದ್ರೆ ನಮ್ಮನೆ ಅಣ್ಣ ನಾನು ಅಂತ ನಿನ್ನ ಬಾಯಾಗೇ ಊರೂರು ಹೇಳಿ ಬಂದೀಯ. ತಂಗೀನ ಕೊಡಾಕೆ ಬರ್ತದಾ?"

"ಅದು ತಮಾಷೆ ಅಲ್ವೇನಪ್ಪಾ?"

"ಮಳೆ ಬರದಿದ್ರೆ ತಮಾಷೆ. ಬಂತಲ್ಲ. ಊರೆಲ್ಲ ಆ ನೀರು ಕುಡದೈತೆ."

ಕೆರೆ ಏರಿಯ ಮೇಲೆ ಗಾದ್ರಮ್ಮ ಕೊಡ ಇಳಿಸಿ ನಿಂತಿದ್ದಳು. ನೀರಿನ ತುಂಬ ಕಪ್ಪೆಗಳ ಗದ್ದಲ.

"ಬ್ಯಾಡ ಬ್ಯಾಡ ಅಂತ ಕಣ್ಣಿಗೆ ಬೆಳಕು ಬಿಟ್ಟೆ. ನೀವು ಹಲ್ಲು ಕಿರದ್ರಿ."

"ಕೀಟಲೆ ಅಂದ್ಕಂಡೆ ಗಾದ್ರಿ. ನಡಿ, ಎಲ್ಲಿಗಾದ್ರೂ ಹೋಗಣ."

"ಮುಂದಿನ ವರ್ಷ ಮಳೆ ತಪ್ಪಿದ್ರೆ ಖಾಲಿ ಕೊಡ ಹಿಡಕಂಡ ಹೆಂಗಸ್ರು ಯಾರಿಗೆ ಶಾಪ ಹಾಕ್ತಾರೆ? ನಮ್ಮಪ್ಪಗೆ." ಕೊಡ ಎತ್ತಿ ಸೊಂಟಕ್ಕಿಟ್ಟಳು. "ಒಂದು ಮಾತು. ನಾನಂತೂ ನಿಮ್ಮನ್ನ ಅಣ್ಣ ಅಂತ ಒಂದ್ಸಲಾನೂ ಕರದಿಲ್ಲ. ಕರಿಯಾದೂ ಇಲ್ಲ."

ಮಾಘದಲ್ಲಿ ಅವಳಿಗೆ ಮದುವೆ. ಗಂಡು ನ್ಯಾಮತಿ ಕಡೆಯವನು, ಸಾಧು ಮನುಷ್ಯ. ಅವಳ ಬೊಗಸೆಗೆ ಅರಳು ಸುರಿಯಲು ಅಣ್ಣ ಬೇಕಿತ್ತು. ಉಚ್ಚಂಗೆಪ್ಪನನ್ನೇ ಕರೆದರು. ಸುರಿದ. ಅರಳೆಲ್ಲ ಬೊಗಸೆ ತಪ್ಪಿ ನೆಲಕ್ಕೆ ಚೆಲ್ಲಿತು. "ಫೋಟೋದೋನ ಕೈ ಅಲುಗಬಾರ್ದಪ್ಪಾ!" ಎಂದು ಯಾರೋ ನಗಾಡಿದರು.

ಹೊನ್ನಾಳಿ ಮೇಲೆ ಹೋಗುವ ಬಸ್ಸಿಗೆ ಟ್ರಂಕು ಏರಿಸಿದವನೂ ಅವನೇ. ಕಿಟಕಿಯ ಪಕ್ಕ ಕುಳಿತ ಗಾದ್ರಮ್ಮನ ತೊಡೆಯ ಮೇಲೆ ಆ ಹಿತ್ತಾಳೆ ತಟ್ಟೆ ಇತ್ತು.

"ಹದಿನಾರು ಸಾವಿರದಾಗೆ ನನಗೊಂದು ಕೊಡ್ರಿ. ನಮ್ಮ ಕಪ್ಪೆದು."

"ಅವು... ಎಲ್ಲಾ ಬೆಂಗಳೂರಿಗೆ ಕಳಿಸೀನಿ. ಫಾರಿನ್‌ನೋರು ಕೇಳ್ಯಾರೆ. ರಾಣಿ ಮನೆಯಾಗೆ..."

ಅವಳು ತಟ್ಟೆಯನ್ನು ವಾಲಿಸಿದಳು. ಇಳಿಬಿಸಿಲು ನೇರ ಅವನ ಮುಖದ ಮೇಲೆ ಬಿತ್ತು. ಆ ಬೆಳಕಿನಲ್ಲಿ ಸುಳ್ಳು ಹೇಳಲು ಅವನಿಗೆ ಬರಲಿಲ್ಲ.

"ಒಂದೂ ಇಲ್ಲ ಗಾದ್ರಿ. ಒಂದೇ ಒಂದೂ ಇಲ್ಲ. ನಾನು ಬಟನ್ ಒತ್ತಾದ್ರಾಗೆ ಅದು ಹಾರಿಬಿಡೋದು. ಯಾವ ಫೋಟೋ ತೊಳೆದ್ರೂ ಒದ್ದೆ ಕಲ್ಲು, ತಟ್ಟೆ, ನಿನ್ನ ಕೈ."

"ಮಳೆ?"

"ಅದು ತಾನಾಗೇ ಬಂತು. ನಂದೇನೂ ಇಲ್ಲ."

ಡ್ರೈವರ್ ಹಾರನ್ ಹೊಡೆದ. ಬೆಳಕು ಇನ್ನೂ ಅವನ ಮುಖದ ಮೇಲಿತ್ತು.

"ಹಂಗಾದ್ರೆ, ಕಪ್ಪೆ ಸಿಗಲ್ಲ ಅಂತ ಗೊತ್ತಿದ್ದೂ ಯಾಕ್ರೀ ಬರ್ತಿದ್ರಿ?"

"ಅದು ಹಾರಿ ಹೋಗ್ಲಿ ಅಂತಾನೇ. ಸಿಕ್ಕಿದ್ರೆ ಮರುದಿನ ಬರಾಕೆ ನೆಪ ಎಲ್ಲಿರ್ತಿತ್ತು?"