ಕಿರುಚಿದ್ದು ಸುಳ್ಳು

"ಅಯ್ಯಮ್ಮಾ...!"

ಮೂರನೇ ಸೇತುವೆಯ ಕೆಳಗಿನಿಂದ ನೀರುಹಾವು ಭುಸ್ಸೆಂದು ಎದ್ದು ನಿಂತ ಕ್ಷಣಕ್ಕೆ ಸರಿಯಾಗಿ ಅವಳು ಕಿರುಚಿದಳು. ಕೈಯಲ್ಲಿದ್ದ ಕಂಟ್ರೋಲರ್ ಸೋಫಾದ ಮೇಲೆ ಬಿತ್ತು. ಎರಡೂ ಕೈಗಳಿಂದ ಗಂಡನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

ಅವನು ಬಿದ್ದು ಬಿದ್ದು ನಕ್ಕ.

"ಬಿಡೇ, ತೋಳು ಕಿತ್ತು ಬರುತ್ತೆ! ನಾನಿದೀನಲ್ಲ, ಗುರಾಣಿ ಹಿಡ್ಕೊಂಡು!"

"ಹಾವಿದೆ ಅಂತ ಮುಂಚೆನೇ ಹೇಳ್ಬಾರ್ದಾ?"

"ನನಗೇನು ಕನಸು ಬಿದ್ದಿತ್ತಾ? ನಾನೂ ಈಗ್ಲೇ ನೋಡ್ತಿರೋದು!"

ನಿಜ, ಅವನು ಈಗಲೇ ನೋಡುತ್ತಿದ್ದ. ಆದರೆ ಅವಳು...?

ಅವಳು ಆ ಹಾವನ್ನು ಒಂದು ವಾರದ ಹಿಂದೆಯೇ ನೋಡಿದ್ದಳು. ಅದು ಯಾವ ಕಡೆಯಿಂದ ಏಳುತ್ತದೆ, ಎಷ್ಟು ಸಲ ಬಾಲ ಬಡಿಯುತ್ತದೆ, ಎಲ್ಲವೂ ಅವಳಿಗೆ ಬಾಯಿಪಾಠ.

'ಛೀ... ಎಂಥ ಹೆಂಗಸು ನಾನು! ಪಾಪ, ಹೇಗೆ ನಗ್ತಿದಾನೆ ನೋಡು...'

ಒಂದು ಆಟಕ್ಕೆ ಇಷ್ಟೆಲ್ಲ ಯಾಕೆ ಎಂದು ನೀವು ನಗಬಹುದು. ಸ್ವಲ್ಪ ತಡೆಯಿರಿ, ಇವರಿಬ್ಬರ ವಿಷಯ ಹೇಳುತ್ತೇನೆ.

ಅವನು ಲಿಫ್ಟ್ ಮೆಕ್ಯಾನಿಕ್. ದಿನವಿಡೀ ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟ್ ಗುಂಡಿಗೆ ಇಳಿದು ಕೇಬಲ್, ಬ್ರೇಕ್ ನೋಡುವವನು. ಅವಳು ಹಲ್ಲಿನ ಲ್ಯಾಬ್‌ನಲ್ಲಿ ಮೇಣ ಕೆತ್ತಿ, ಪಿಂಗಾಣಿ ಸುಟ್ಟು, ಬಣ್ಣ ಹೊಂದಿಸಿ ಕೃತಕ ಹಲ್ಲು ಮಾಡುವವಳು. ಅವಳು ಮಾಡಿದ ಹಲ್ಲನ್ನು ಪಕ್ಕದ ನಿಜವಾದ ಹಲ್ಲೂ ಗುರುತು ಹಿಡಿಯಲಾರದು ಎಂದು ಲ್ಯಾಬ್‌ನ ಹಿರಿಯ ಮೇಡಂ ಹೊಗಳುತ್ತಿದ್ದರು.

ಮದುವೆಯಾಗಿ ನಾಲ್ಕು ವರ್ಷ. ಕೊನೆಯ ಒಂದು ವರ್ಷದಲ್ಲಿ ಅವರ ನಡುವೆ ಉಳಿದಿದ್ದು ಇಷ್ಟೇ ಮಾತು.

"ಊಟ ಆಯ್ತಾ?"

"ಆಯ್ತು."

"ಬೀಗ ಹಾಕಿದ್ಯಾ?"

"ಹಾಕ್ದೆ."

ಜಗಳವೇನೂ ಇರಲಿಲ್ಲ. ಜಗಳವಾದರೂ ಆಡಿದ್ದರೆ ನಾಲ್ಕು ಮಾತು ಹೆಚ್ಚಾಗುತ್ತಿತ್ತು! ಇಬ್ಬರೂ ಒಂದೇ ಸೋಫಾದ ಎರಡು ತುದಿಯಲ್ಲಿ ಕುಳಿತು ತಂತಮ್ಮ ಫೋನ್ ನೋಡುತ್ತಿದ್ದರು, ಅಷ್ಟೇ.

ಎರಡು ದಿನ ಇದ್ದು ಹೋಗಲು ಬಂದ ಅವಳ ತಂಗಿಗೆ ಇದನ್ನು ನೋಡಿ ತಲೆ ಕೆಟ್ಟುಹೋಯಿತು.

"ಅಕ್ಕಾ, ನೀನೂ ಭಾವನೂ ಬಸ್‌ಗೆ ಕಾಯ್ತಿರೋರ ಥರ ಕೂತಿರ್ತೀರಲ್ಲ! ತಗೊಳ್ಳಿ, ಈ ಆಟನಾದ್ರೂ ಆಡಿ" ಎಂದು ಟಿವಿಗೆ ಒಂದು ಆನ್‌ಲೈನ್ ಆಟ ಹಾಕಿಕೊಟ್ಟು ಹೋದಳು.

ಇಬ್ಬರು ಪ್ರಯಾಣಿಕರು ಕಾಡು, ಗುಹೆ, ಸೇತುವೆಗಳನ್ನು ದಾಟಿ ಸಮುದ್ರದ ದೀಪಸ್ತಂಭ ತಲುಪಬೇಕು. ಅವನು ಗುರಾಣಿ ಹಿಡಿದವನು. ಹೆಜ್ಜೆಗೊಮ್ಮೆ ನಿಂತು ಮರ, ಮೋಡ, ಮೀನು ನೋಡುತ್ತಿದ್ದ. ಅವಳು ಅವನಿಗೆ 'ಆಮೆ' ಎಂದು ಹೆಸರಿಟ್ಟಳು. ದೀಪ ಹಿಡಿದು ಮುಂದೆ ಮುಂದೆ ಓಡುವ ಅವಳು 'ಮಿಂಚು' ಆದಳು.

ಮೊದಲ ಭಾನುವಾರ ಗುಹೆಯಿಂದ ಬಾವಲಿಗಳು ಮುಖಕ್ಕೇ ಹಾರಿದಾಗ ಅವಳು ನಿಜವಾಗಿಯೂ ಕಿರುಚಿದ್ದಳು. ಅರಿವಿಲ್ಲದೆ ಅವನ ತೋಳು ಹಿಡಿದಿದ್ದಳು. ಅವರಿಬ್ಬರೂ ಹಾಗೆ ಒಬ್ಬರನ್ನೊಬ್ಬರು ಮುಟ್ಟಿ ಎಷ್ಟು ತಿಂಗಳಾಗಿತ್ತೋ! ಅವನು ಒಂದು ಕ್ಷಣ ಉಸಿರು ಬಿಗಿಹಿಡಿದು ಕುಳಿತ. ಆಮೇಲೆ ನಕ್ಕ.

ಅವತ್ತಿನಿಂದ ಪ್ರತಿ ಭಾನುವಾರ ಬೆಳಿಗ್ಗೆ, ಬಟ್ಟೆ ಒಗೆದು ಹರವಿದ ಮೇಲೆ, ಆಟ. ಆಟದ ಜೊತೆಗೆ ಮಾತು. ಮಾತಿನ ಜೊತೆಗೆ ನಗು...

ಎರಡನೇ ಸೇತುವೆ ತಲುಪಿದಾಗ ಅವನಿಗೆ ಬೇರೆ ಊರಿನಲ್ಲಿ ಹೊಸ ಕಟ್ಟಡದ ಕೆಲಸ ಬಂತು. ಎರಡು ವಾರ. ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತವನು ತಿರುಗಿ ನೋಡಿದ.

"ನಾನು ಬರೋವರೆಗೂ ಸೇತುವೆ ದಾಟ್ಬೇಡ, ಮಿಂಚು."

"ನಿನ್ನಾಣೆ ದಾಟಲ್ಲ!"

ಎರಡು ವಾರ ಅವಳು ಆ ಟಿವಿ ಕಡೆ ತಲೆ ಹಾಕಲಿಲ್ಲ. ಅವನು ಬರುವ ಹಿಂದಿನ ದಿನ ಫೋನ್ ಬಂತು.

"ಇನ್ನೊಂದು ವಾರ ಆಗುತ್ತೆ ಕಣೇ... ಕೆಲಸ ಉಳಿದಿದೆ."

'ಉಳಿಯದೆ ಏನು, ಆಮೆಗೆ ಅವಸರ ಎಲ್ಲಿದೆ!' ಅವಳಿಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಮನೆ ಖಾಲಿ ಅನ್ನಿಸಿತು. ಸುಮ್ಮನೆ ಇಣುಕಿ ನೋಡೋಣ ಎಂದು ಅದೇ ಖಾತೆಯಲ್ಲಿ ಬೇರೊಂದು ಪಾತ್ರ ಮಾಡಿಕೊಂಡು ಆಟಕ್ಕೆ ಹೋದಳು.

ಅಲ್ಲಿ ಜೊತೆಗೆ ಸಿಕ್ಕಿದ್ದು 'ಕೊಡೆ ತಾತ' ಎಂಬ ಅಪರಿಚಿತ. ಆ ತಾತ ವೇಷ ಬದಲಿಸಿಕೊಂಡ ಗಂಡನೇ ಇರಬೇಕು ಎಂದುಕೊಂಡಿರಾ? ಇಲ್ಲ ಸ್ವಾಮಿ, ಕಥೆ ಅಷ್ಟು ಸಲೀಸಾಗಿಲ್ಲ! ಅದು ಯಾರೋ ಏನೋ, ಅವಳು ಕೇಳಲೂ ಇಲ್ಲ. ಐದೇ ದಿನದಲ್ಲಿ ಮೂರನೇ ಸೇತುವೆ, ದೀಪಗಳ ಗುಹೆ, ಎಲ್ಲ ದಾಟಿ ದೀಪಸ್ತಂಭದ ಬಾಗಿಲಿಗೆ ಬಂದರು.

ಆ ಬಾಗಿಲನ್ನು ಇಬ್ಬರು ಸೇರಿಯೇ ತಳ್ಳಬೇಕು. ಅವಳ ಬೆರಳು ಒಂದು ನಿಮಿಷ ತಡೆಯಿತು.

ಆದರೂ... ತಳ್ಳಿದಳು.

ಅವನು ವಾಪಸು ಬಂದ ಮೇಲೆ ನಿಜ ಹೇಳಲು ಬಾಯಿ ಬರಲಿಲ್ಲ. ಹಾವು ಎದ್ದಾಗ ಕಿರುಚಿದಳು. ಬಂಡೆ ಉರುಳಿದಾಗ ಕಿರುಚಿದಳು. ಆ ಭಾನುವಾರ ನಾಲ್ಕು ಸಲ, ಮುಂದಿನ ಭಾನುವಾರ ಎರಡು ಸಲ. ಪ್ರತಿ ಸಲವೂ ಅವನು ನಗುತ್ತಿದ್ದ. ಪ್ರತಿ ಸಲವೂ ಅವಳ ಎದೆಯಲ್ಲಿ ಮುಳ್ಳು ಮುರಿದ ಹಾಗಾಗುತ್ತಿತ್ತು.

ಎಡವಿದ್ದು ದೀಪಗಳ ಗುಹೆಯಲ್ಲಿ.

ನಾಲ್ಕು ದೀಪಗಳನ್ನು ಸರಿಯಾದ ಕ್ರಮದಲ್ಲಿ ಹಚ್ಚಬೇಕು. ಅವನು ಗೋಡೆಯ ಚಿತ್ರ ನೋಡುತ್ತಾ ತಲೆ ಕೆರೆದುಕೊಳ್ಳುತ್ತಿದ್ದಾಗ ಅವಳ ಕೈ ತಾನಾಗಿಯೇ ಓಡಿತು. ಒಂದು, ಮೂರು, ನಾಲ್ಕು, ಎರಡು... ಗುಹೆ ತೆರೆಯಿತು.

ಅವನು ನಿಧಾನವಾಗಿ ಅವಳ ಕಡೆ ತಿರುಗಿದ.

"ಹೇಗೆ ಗೊತ್ತಾಯ್ತು?"

"ಅ... ಅಂದಾಜು."

"ಅಂದಾಜಿಗೆ ಕೈ ತಡೆಯುತ್ತೆ. ನಿನ್ನ ಕೈ ತಡೀಲೇ ಇಲ್ಲ."

ಅದೇ ಹೊತ್ತಿಗೆ ಟಿವಿಯ ಮೂಲೆಯಲ್ಲಿ ಒಂದು ಸಂದೇಶ ಮೂಡಿತು. ಕೊಡೆ ತಾತನದು! 'ಮತ್ತೆ ನಮ್ಮ ಬಾಗಿಲಿಗೇ ಹೊರಟ್ಯಾ? ಈ ಸಲ ಜೊತೆಗೆ ಯಾರು?'

ಅವನು ಅದನ್ನು ಎರಡು ಸಲ ಓದಿದ.

"ಯಾರಿದು?"

"ಯಾರೂ ಅಲ್ಲ! ನಿನ್ನಾ... ನಿಜವಾಗ್ಲೂ ಯಾರೂ ಅಲ್ಲ! ಹೆಸರೂ ಗೊತ್ತಿಲ್ಲ!"

ಆಣೆ ಇಡಲು ಹೋಗಿ ನಾಲಿಗೆ ಅಲ್ಲೇ ನಿಂತಿತು. ಅವನಿಗೂ ಅದು ಕೇಳಿಸಿತು.

"ಬಾಗಿಲ ಹಿಂದೆ ಏನಿದೆ, ನಿನಗೆ ಗೊತ್ತಾ?"

"...ಗೊತ್ತು."

"ಹಾಗಾದ್ರೆ ಆ ಹಾವು?"

ಅವಳು ತಲೆ ತಗ್ಗಿಸಿದಳು.

"ನನ್ನ ತೋಳು ಹಿಡ್ಕೊಂಡ್ಯಲ್ಲ, ಮಿಂಚು..." ಅವನು ತನ್ನ ತೋಳಿನ ಕಡೆ ನೋಡಿದ. "ನಾನು ಇಡೀ ವಾರ ಅದನ್ನೇ ನೆನಸ್ಕೊಂಡು ಕೆಲಸ ಮಾಡ್ತೀನಿ. ಈಗ ಅದ್ರಲ್ಲಿ ಯಾವುದು ನಿಜ, ಯಾವುದು ನಾಟಕ ಅಂತ ಆರಿಸ್ತಾ ಕೂರ್ಲಾ?"

"ತಪ್ಪಾಯ್ತು ಕಣೋ... ಕ್ಷಮಿಸು..."

ಅವನು ಕಂಟ್ರೋಲರನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಎದ್ದುಹೋದ. ಎಸೆದಿದ್ದರೂ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಮತ್ತೆ ಶುರುವಾಯಿತು. ಊಟ ಆಯ್ತಾ... ಆಯ್ತು. ಬೀಗ ಹಾಕಿದ್ಯಾ... ಹಾಕ್ದೆ.

ಶುಕ್ರವಾರ ಲ್ಯಾಬ್‌ನಲ್ಲಿ ಮೇಡಂ ಅವಳು ಮುಗಿಸಿದ ಹಲ್ಲಿನ ಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರು. ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು.

"ಏನಮ್ಮ ಇದು? ಎರಡೂ ಎಡಗಡೆ ಕೋರೆಹಲ್ಲೇ! ಇದನ್ನ ಹಾಕ್ಕೊಂಡೋರು ನಕ್ರೆ ಎದುರಿಗಿರೋರು ಓಡಿಹೋಗ್ತಾರೆ."

ಅವಳಿಗೆ ಅಳು ಒತ್ತರಿಸಿ ಬಂತು. ಮೇಣದ ಚಾಕು ಕೈಯಲ್ಲಿ ಹಿಡಿದೇ ಎಲ್ಲವನ್ನೂ ಹೇಳಿಬಿಟ್ಟಳು. ಮೇಡಂ ನಗಲಿಲ್ಲ.

"ಕ್ಷಮೆ ಕೇಳಿದ್ಯಾ?"

"ಹತ್ತು ಸಲ, ಮೇಡಂ."

"ಏನು ಮಾಡ್ದೆ ಅಂತ ಹೇಳಿದ್ಯಾ? ಪೂರ್ತಿಯಾಗಿ?"

ಅವಳು ಚಾಕುವಿನ ತುದಿಗೆ ಅಂಟಿದ್ದ ಮೇಣ ಕೆರೆಯತೊಡಗಿದಳು.

"ಕ್ಷಮೆ ಹಾಗಿರ್ಲಿ. ಮೊದಲು ಹೇಳು. ಆಮೇಲೆ ಈ ಕೋರೆಹಲ್ಲು ಸರಿ ಮಾಡು."

ಶನಿವಾರ ಮಧ್ಯಾಹ್ನ ಅವಳು ಕೆಲಸದಿಂದ ಬಂದಾಗ ಅವರದೇ ಕಟ್ಟಡದ ಲಿಫ್ಟ್ ಕೆಟ್ಟಿತ್ತು. ನೆಲಮಹಡಿಯಲ್ಲಿ 'ಕೆಲಸ ನಡೆಯುತ್ತಿದೆ' ಎಂಬ ಹಳದಿ ಫಲಕ. ತೆರೆದ ಬಾಗಿಲಿನ ಕೆಳಗೆ, ಗುಂಡಿಯೊಳಗೆ, ಅವನ ಹೆಲ್ಮೆಟ್ಟಿನ ನೆತ್ತಿ ಕಾಣುತ್ತಿತ್ತು.

ಅವಳು ಬ್ಯಾಗ್ ಪಕ್ಕಕ್ಕಿಟ್ಟು ಫಲಕದ ಪಕ್ಕ ನೆಲದ ಮೇಲೆಯೇ ಕುಳಿತಳು.

"ಇವತ್ತು ನಿನಗೆ ಎದ್ದು ಹೋಗೋಕೆ ಜಾಗ ಇಲ್ಲ. ಕೇಳಿಸ್ಕೋ."

ಕೆಳಗೆ ಸ್ಪ್ಯಾನರ್ ಸದ್ದು ನಿಂತಿತು.

"ಎರಡು ವಾರ ಕಾದೆ. ಮೂರನೇ ವಾರ ಕಾಯಕ್ಕಾಗ್ಲಿಲ್ಲ. ನಿನ್ನಾಣೆ ಅಂದಿದ್ದು ನೆನಪಿತ್ತು, ಆದ್ರೂ ಹೋದೆ. ಅವರು ಯಾರೋ ಗೊತ್ತಿಲ್ಲ. ಆದ್ರೆ ನಿನ್ನ ಜೊತೆ ತಳ್ಳಬೇಕಾಗಿದ್ದ ಬಾಗಿಲನ್ನ ಅವರ ಜೊತೆ ತಳ್ಳಿದೆ. ತಿಳಿದೂ ತಿಳಿದೂ ತಳ್ಳಿದೆ."

ಅವಳು ಗುಂಡಿಯ ಕಡೆ ಇನ್ನಷ್ಟು ಬಾಗಿದಳು.

"ಬಾಗಿಲ ಹಿಂದೆ ಸಮುದ್ರ ಇದೆ. ಒಂದು ಬೆಂಚಿದೆ. ಇಬ್ಬರೂ ಹೋಗಿ ಕೂತ್ಕೋಬೇಕು, ಅಷ್ಟೇ ಕಣೋ! ನಾನು ಕೂತೆ. ಅವರು 'ಚೆನ್ನಾಗಿತ್ತು' ಅಂತ ಬರೆದು ಹೊರಟುಹೋದ್ರು. ಅಷ್ಟು ದೊಡ್ಡ ಸಮುದ್ರದ ಮುಂದೆ ಒಬ್ಬಳೇ ಕೂತಿದ್ದೆ. ಟಿವಿ ಆಫ್ ಮಾಡಿ ಅತ್ತೆ."

ಅವಳು ಕಣ್ಣು ಒರೆಸಿಕೊಂಡಳು.

"ಆರು ಸಲ ಕಿರುಚಿದ್ದು ಸುಳ್ಳು. ಆರಕ್ಕೆ ಆರೂ ಸುಳ್ಳು. ಆದ್ರೆ ನಿನ್ನ ತೋಳು ಹಿಡ್ಕೊಂಡಿದ್ದು... ಅದೊಂದೂ ಸುಳ್ಳಲ್ಲ. ಹಿಡ್ಕೊಳ್ಳೋಕೆ ನನಗೆ ಬೇರೆ ನೆಪ ಗೊತ್ತಿರ್ಲಿಲ್ಲ."

ಕೆಳಗೆ ಸ್ಪ್ಯಾನರ್ ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ ಹೆಲ್ಮೆಟ್ ಮೇಲಕ್ಕೆ ತಿರುಗಿತು. ಮುಖದ ತುಂಬ ಗ್ರೀಸ್. ಕಣ್ಣುಗಳು ಕೆಂಪಗಿದ್ದವು.

"ಮೂರನೇ ವಾರ ನನಗೆ ಅಲ್ಲಿ ಕೆಲಸ ಇರ್ಲಿಲ್ಲ."

"...ಏನು?"

"ನನ್ನ ಬದಲು ಬೇರೆಯವರು ಬಂದಿದ್ರು. ನಾನೇ ಕೇಳಿ ಉಳ್ಕೊಂಡೆ."



"ಯಾಕೆ?"

"ಆಟ ಮುಗೀತಾ ಬಂದಿತ್ತಲ್ಲ... ಮುಗಿದ್ರೆ ನೀನು ಮತ್ತೆ ಸೋಫಾದ ಆ ತುದಿಗೆ ಹೋಗ್ತೀಯ ಅಂತ ಭಯ ಆಯ್ತು. ಮೀನು ನೋಡ್ತಾ ನಿಲ್ತಿದ್ದೆನಲ್ಲ, ಅದೂ ಅದಕ್ಕೇ. ಮೀನು ಕಟ್ಕೊಂಡು ನನಗೇನಾಗ್ಬೇಕು!" ಅವನು ತೋಳಿನಿಂದ ಮೂಗು ಒರೆಸಿಕೊಂಡ. "ನಿನ್ನ ಒಬ್ಬಳನ್ನೇ ಬಿಟ್ಟಿದ್ದು ನಾನು. ಆಮೇಲೆ ನಿನ್ನ ಮೇಲೇ ಮುನಿಸ್ಕೊಂಡೆ. ಭಾನುವಾರನೇ ಹೇಳ್ಬೇಕಿತ್ತು... ಹೇಡಿ ನಾನು."

'ಅಯ್ಯೋ ದೇವರೇ... ಅಷ್ಟು ನಿಧಾನವಾಗಿ ನಡೆದಿದ್ದು ನನ್ನ ಜೊತೆ ಇರೋಕಾ? ನಾನು ಆಮೆ ಅಂತ ಗೇಲಿ ಮಾಡ್ತಿದ್ದೆನಲ್ಲ!'

"ನಿನಗೊಂದು ಮಾತು ಹೇಳೋಕೆ ಗುಂಡಿಗೇ ಇಳೀಬೇಕಾಯ್ತಾ?" ಅವಳು ಅಳುತ್ತಲೇ ಗದರಿದಳು.

"ನಿನಗೂ ಹೇಳೋಕೆ ನಾನು ಗುಂಡಿಗೆ ಇಳಿಯೋವರೆಗೆ ಕಾಯ್ಬೇಕಾಯ್ತಲ್ಲ."

ಇಬ್ಬರಿಗೂ ನಗು ಬಂತು. ಅವನು ಏಣಿ ಹತ್ತಿ ಗ್ರೀಸ್ ಮೆತ್ತಿದ ಕೈ ಚಾಚಿದ. ಅವಳು ತನ್ನ ಬಿಳಿ ಲ್ಯಾಬ್ ಕೋಟಿನ ಬಗ್ಗೆ ಯೋಚಿಸಲೇ ಇಲ್ಲ.

ಭಾನುವಾರ ಬೆಳಿಗ್ಗೆ. ಹರವಿದ ಬಟ್ಟೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ದೀಪಸ್ತಂಭದ ಬಾಗಿಲ ಮುಂದೆ ಮಿಂಚು ಮತ್ತು ಆಮೆ ನಿಂತಿದ್ದರು.

"ನಿನಗೆ ಎಲ್ಲ ಗೊತ್ತಿರೋದೇ. ಬೇಜಾರಾಗಲ್ವಾ?"

"ನಾನು ಟಿವಿ ನೋಡಲ್ಲ, ನಿನ್ನ ಮುಖ ನೋಡ್ತೀನಿ. ತಳ್ಳು!"

ಬಾಗಿಲು ತೆರೆಯಿತು. ಸಮುದ್ರ... ಬೆಂಚು... ಇಬ್ಬರೂ ಹೋಗಿ ಕುಳಿತರು. ಅವನು ಬಾಯಿ ತೆರೆದು ನೋಡುತ್ತಲೇ ಇದ್ದ. ಆಗ ಬೆಂಚಿನ ಕೆಳಗಿನಿಂದ ಒಂದು ದೈತ್ಯ ಏಡಿ ಛಂಗನೆ ಅವನ ಪಾತ್ರದ ಮಡಿಲಿಗೇ ಹಾರಿತು!

"ಅಯ್ಯಯ್ಯೋ...!"

ಕಿರುಚಿದ್ದು ಅವನು. ಕಂಟ್ರೋಲರ್ ಎಲ್ಲಿಗೆ ಹಾರಿತೋ! ಎರಡೂ ಕೈಗಳಿಂದ ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಕೂತ್ಕೋಬೇಕು, ಅಷ್ಟೇ ಅಂದಿದ್ಯಲ್ಲ! ಈ ಏಡಿ ವಿಷಯ ಯಾಕೆ ಹೇಳ್ಲಿಲ್ಲ?"

"ಅದೊಂದು ನಿನಗೋಸ್ಕರ ಉಳಿಸಿದ್ದೆ."

ಆಟ ಮುಗಿಯಿತು. ಟಿವಿ ತಾನಾಗಿಯೇ ಕಪ್ಪಾಯಿತು. ಅವನು ಮಾತ್ರ ಕೈ ಬಿಡಲಿಲ್ಲ.

"ಏಡಿ ಹೋಯ್ತು ಕಣೋ, ಆಮೆ. ಇನ್ನಾದ್ರೂ ತೋಳು ಬಿಡು."

"ಆಟನೂ ಹೋಯ್ತಲ್ಲ, ಮಿಂಚು. ಇದು ಸುಮ್ನೆ... ನೆಪ ಇಲ್ದೆ ಹಿಡ್ಕೊಂಡಿರೋದು."